ಇಲ್ಲಿ ಕುಳಿತು ಎಳೆದ ಗೆರೆ

ಡಿಸೆಂಬರಿನಲ್ಲಿ ನಮ್ಮ ಇಂಗೋಲ್‌ಸ್ಟಾಟ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಭಾನುವಾರ ಕಾಫಿ ಮುಗಿಸಿ ನಾನು ಕಂಪ್ಯೂಟರ್ ಮುಂದೆ ಕುಳಿತರೆ, "ಸಂಬಳವಿಲ್ಲದ ಈ ಪಿಡಬ್ಲ್ಯುಡಿ ಕೆಲಸ ಎಷ್ಟು ದಿನ?" ಎಂದು ಮನೆಯಾಕೆ ಕೇಳುವುದುಂಟು. ಆ ಕೆಲಸದ ಬಗ್ಗೆಯೇ ಈ ನಾಲ್ಕು ಮಾತು.

ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಭೂಪಟ 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾಯಿತು. ಅದನ್ನು ಬರೆಯುವವರು ನಮ್ಮಂಥ ಸ್ವಯಂಸೇವಕರೇ. ಆಕಾಶದಿಂದ ತೆಗೆದ ಚಿತ್ರವನ್ನು ಕೆಳಗೆ ಹಾಸಿಕೊಂಡು, ರಂಗೋಲಿಯಂತೆ ಚುಕ್ಕಿಯಿಟ್ಟು ರಸ್ತೆಯ ಗೆರೆ ಎಳೆಯಬೇಕು. ನಮ್ಮ ಎ9 ಹೆದ್ದಾರಿಯ ನಿರ್ಗಮನಗಳನ್ನು ನೋಡಿ ಕಲಿತೆ. ಇಲ್ಲಿ ನನಗೆ ಹೆಚ್ಚು ಕೆಲಸ ಉಳಿದಿರಲಿಲ್ಲ. ಮನಸ್ಸು ಊರಿನ ಕಡೆ ಓಡಿತು.

ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದದ್ದು 2023ರ ಮಾರ್ಚ್ 12ರಂದು. ನಡುವೆ ಆರು ಪಥ, ಎರಡೂ ಬದಿಗೆ ಸರ್ವಿಸ್ ರಸ್ತೆ. ಬಿಡದಿ, ರಾಮನಗರ, ಮಂಡ್ಯ, ಶ್ರೀರಂಗಪಟ್ಟಣಗಳಿಗೆ ಬೈಪಾಸ್. ಎಲ್ಲೆಂದರಲ್ಲಿ ಇಳಿಯುವಂತಿಲ್ಲ. ಆ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ನಡುರಸ್ತೆಯೇ ಇಲ್ಲ. ಹೀಗಾಗಿ ಹತ್ತುವ ಇಳಿಯುವ ದಾರಿ ನಕ್ಷೆಯಲ್ಲಿ ಸರಿಯಾಗಿರಲೇಬೇಕು.

ನಾನು ತಪ್ಪಿದ್ದೂ ಅಲ್ಲೇ. ಮೇಲಿನಿಂದ ನೋಡಿದರೆ ಮೇಲ್ಸೇತುವೆಯೂ ಕೆಳಗಿನ ರಸ್ತೆಯೂ ಕೂಡಿದಂತೆಯೇ ಕಾಣುತ್ತವೆ. ಗೆರೆಗಳು ಅಡ್ಡ ಹಾಯ್ದಲ್ಲಿ ಒಂದೇ ಚುಕ್ಕಿಗೆ ಜೋಡಿಸಿದರೆ, ಅಲ್ಲಿ ತಿರುಗಬಹುದು ಎಂದೇ ಯಂತ್ರದ ಲೆಕ್ಕ. ನಾನು ಜೋಡಿಸಿಬಿಟ್ಟಿದ್ದೆ! ಸಾಲದ್ದಕ್ಕೆ ಇಲ್ಲಿ ಬಲಕ್ಕೆ ಓಡಿಸಿ ರೂಢಿಯಾದ ಕೈ, ಅಲ್ಲಿನ ಒಂದು ಇಳಿದಾರಿಗೆ ಬಾಣವನ್ನು ಉಲ್ಟಾ ಹಾಕಿತ್ತು.

ಸೋದರತ್ತೆಯ ವೈಕುಂಠ ಸಮಾರಾಧನೆಗೆ ಅಣ್ಣ ಅಪ್ಪನನ್ನು ಕರೆದುಕೊಂಡು ಹೊರಟ. "ತಮ್ಮ ಬರೆದ ನಕ್ಷೆ" ಎಂಬ ಅಭಿಮಾನ ಬೇರೆ. ಸೇತುವೆಯ ನಡುಮಧ್ಯೆ ಫೋನು "ಎಡಕ್ಕೆ ತಿರುಗಿ" ಎಂದಿತು. ಮುಂದಿನ ಇಳಿದಾರಿ ಹುಡುಕಿ ಹಿಂತಿರುಗುವಷ್ಟರಲ್ಲಿ ಕೊನೆಯ ಪಂಕ್ತಿ ಎದ್ದಿತ್ತು. ಒಡಹುಟ್ಟಿದವಳ ಕಾರ್ಯಕ್ಕೆ ಅಪ್ಪ ತಡವಾಗಿ ಹೋದರು. ರಾತ್ರಿ ಫೋನಿನಲ್ಲಿ ಬೈಯಲಿಲ್ಲ. "ಊರು ಕಾಣ್ತಿತ್ತು ಕಣೋ, ಇಳಿಯೋಕೆ ದಾರಿ ಇರಲಿಲ್ಲ" ಎಂದರು, ಅಷ್ಟೆ. ನನಗೆ ನಿದ್ದೆ ಬರಲಿಲ್ಲ.

ಅಂದೇ ಚುಕ್ಕಿ ಬಿಡಿಸಿದೆ. ಆದರೆ ನಿಜವಾದ ಇಳಿದಾರಿ ಎಲ್ಲಿ? ನನ್ನ ಬಳಿಯಿದ್ದ ಚಿತ್ರ ಹಳೆಯದು, ಅದರಲ್ಲಿ ಬರೀ ಕೆಮ್ಮಣ್ಣು. ಅಪ್ಪನನ್ನೇ ಕೇಳಿದೆ. ಮುಂದಿನ ಸಲ ಅವರು ಫೋನಿನ ಜಿಪಿಎಸ್ ಹಾಕಿಕೊಂಡು, ಅಣ್ಣನ ಪಕ್ಕ ಕುಳಿತು, ಇಡೀ ದಾರಿಯ ಜಾಡು ಕಳಿಸಿದರು. ಜೊತೆಗೆ ಒಂದು ಹಾಳೆಯಲ್ಲಿ ಪೆನ್ಸಿಲ್ ಚಿತ್ರ: ಅರಳಿಮರ, ಪೆಟ್ರೋಲ್ ಬಂಕ್, ಊರುಗಳ ಹೆಸರು ಕನ್ನಡದಲ್ಲಿ. ಆ ಹೆಸರುಗಳನ್ನೂ ಕನ್ನಡದಲ್ಲೇ ಸೇರಿಸಿದ್ದೇನೆ. ಅದಕ್ಕೂ ಈ ಭೂಪಟದಲ್ಲಿ ಜಾಗವಿದೆ.

ರಜೆಗೆ ಊರಿಗೆ ಹೋಗುವ ಬಂಧುಗಳಲ್ಲಿ ಒಂದು ಕೋರಿಕೆ. ನಿಮ್ಮೂರಿನ ಹೊಸ ರಸ್ತೆಯ ಜಾಡು ಹಿಡಿದು ತನ್ನಿ. ಮುಂದಿನ ಕೂಟದಲ್ಲಿ ಕೂತು ಒಟ್ಟಿಗೆ ಬರೆಯೋಣ. ಬಾಣ ಮಾತ್ರ ಇಬ್ಬರು ನೋಡಿ ಹಾಕೋಣ!