ವಿಳಾಸದ ಪಟ್ಟಿ

ಮುಂಬಯಿಯಲ್ಲಿ ನಾವು ಮನೆ ಬದಲಿಸಿದಾಗಲೆಲ್ಲ ಊರಿನವರು ವಿಳಾಸದ ಪುಸ್ತಕ ತಿದ್ದಿಕೊಳ್ಳುತ್ತಿದ್ದರು. ಮಕ್ಕಳೇ, ನಿಮ್ಮ ಎಸ್‌ಎಸ್‌ಡಿಯ ಬಾಳೂ ಹೀಗೆಯೇ. ಫ್ಲ್ಯಾಶ್ ಮೆಮೊರಿಯಲ್ಲಿ ಬರೆದದ್ದರ ಮೇಲೆ ಅಳಿಸದೆ ಮತ್ತೆ ಬರೆಯಲಾಗದು. ಅಳಿಸುವುದೋ ಇಡೀ ಬ್ಲಾಕನ್ನೇ. ಆದ್ದರಿಂದ ತಿದ್ದಿದ ಪುಟ ಹೊಸ ಜಾಗಕ್ಕೆ ಹೋಗುತ್ತದೆ, ಪಟ್ಟಿಯಲ್ಲಿ ವಿಳಾಸ ಬದಲಾಗುತ್ತದೆ.

1 ಟೆರಾಬೈಟಿಗೆ ಆ ಪಟ್ಟಿಯೇ ಸುಮಾರು 1 ಗಿಗಾಬೈಟ್! ಅಗ್ಗದ ಹಲವು ಡ್ರೈವ್‌ಗಳು ಪದೇ ಪದೇ ಬೇಕಾಗುವ ವಿಳಾಸಗಳನ್ನಷ್ಟೇ ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತವೆ. ಒಗ್ಗರಣೆ ಡಬ್ಬಿ ಒಲೆಯ ಪಕ್ಕ, ಉಳಿದ ದಿನಸಿ ಅಟ್ಟದಲ್ಲಿ.

ಒಂದು ಕೋಶದಲ್ಲಿ 3 ಬಿಟ್ ಹಿಡಿಸಲು 8 ವಿದ್ಯುತ್ ಮಟ್ಟ ಬೇಕು. ಅದು ನಿಧಾನದ ಕೆಲಸ. ಹಾಗಾಗಿ ಮೊದಲು 1 ಬಿಟ್‌ನಂತೆ ಬೇಗ ಬರೆದು, ಬಿಡುವಿನಲ್ಲಿ ಒತ್ತಾಗಿ ಜೋಡಿಸುತ್ತವೆ. ನಡುವೆ ಡ್ರೈವ್ ಕಿತ್ತರೆ ಪಟ್ಟಿ ಕೆಡಬಹುದು. ಅದರಲ್ಲಿಟ್ಟ ಅಜ್ಜಿಯ ಹಾಡು ಇದ್ದೂ ಸಿಗದು. ಇನ್ನೊಂದು ಪ್ರತಿ ಬೇರೆಡೆ ಇರಲಿ.