ಸವೆದ ಅಲಗು

ನನ್ನ ಮೇಜಿನ ಕೆಳಗಿನ ಖಾನೆಯಲ್ಲಿ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದಿದೆ. ಅದರೊಳಗೆ 43 ಮಡಚುವ ಚಾಕುಗಳಿವೆ. ಅವುಗಳಲ್ಲಿ ಯಾವುದೂ ಬೆಲೆಬಾಳುವಂಥದಲ್ಲ. ಕೆಲವು ಹೊಸವು, ಹೆಚ್ಚಿನವು ಯಾರೋ ವರ್ಷಗಟ್ಟಲೆ ಬಳಸಿ ಬಿಟ್ಟವು. ಗದ್ವಾಲಿನ ಕೋಟೆಯ ಸುತ್ತಲಿನ ಪೇಟೆ, ಮಲ್ದಕಲ್ ತಿಮ್ಮಪ್ಪನ ಜಾತ್ರೆ, ದೇವಸುಗೂರಿನ ಜಾತ್ರೆ, ರಾಯಚೂರಿನ ಗುಜರಿ ಅಂಗಡಿಗಳು, ಇವೇ ಅವುಗಳ ತವರು. ಅಂಚೆಚೀಟಿ, ನಾಣ್ಯ ಕೂಡಿಸುವವರನ್ನು ಲೋಕ ಒಪ್ಪುತ್ತದೆ. ಕನ್ನಡ ಪಾಠ ಹೇಳುವವನಿಗೆ ಚಾಕುಗಳೇಕೆ ಎಂದು ಮನೆಗೆ ಬಂದವರು ಕೇಳುತ್ತಾರೆ. ಈ ಬರಹ ಆ ಪ್ರಶ್ನೆಗೆ ನನ್ನ ಉತ್ತರ. ಅದರೊಂದಿಗೆ ಒಂದು ತಪ್ಪೊಪ್ಪಿಗೆಯೂ ಇದೆ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಇವು ಆಯುಧಗಳಲ್ಲ. ನಮ್ಮ ದೇಶದ ಶಸ್ತ್ರಾಸ್ತ್ರ ನಿಯಮಗಳು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗನ್ನು ಆಯುಧವೆಂದು ಗಣಿಸುತ್ತವೆ. ಮನೆಗೆಲಸ, ಬೇಸಾಯಗಳ ಸಲಕರಣೆಗಳನ್ನು ಅದರಿಂದ ಹೊರಗಿಡುತ್ತವೆ. ಹಿಂದಿ ಚಿತ್ರಗಳಿಂದ ಹೆಸರಾದ ರಾಂಪುರಿ ಚಾಕುವಿನ ಮೇಲೆ ನನಗೆ ಮೋಹವಿಲ್ಲ. ಅಂಗೈಯಲ್ಲಿ ಅಡಗುವ, ಅಂಗಿಯ ಜೇಬಿನಲ್ಲಿಯೋ ಎಲೆಅಡಿಕೆಯ ಚೀಲದಲ್ಲಿಯೋ ಇರುವ, ಈರುಳ್ಳಿ ಹೆಚ್ಚಿ, ಹಗ್ಗ ಕೊಯ್ದು, ಬೇವಿನ ಕಡ್ಡಿ ಸವರುವ ಬಡ ಚಾಕುವೇ ನನ್ನ ವಸ್ತು.

ಕನ್ನಡದ ವಿದ್ಯಾರ್ಥಿಗೆ ಈ ವಸ್ತುವಿನ ಹೆಸರಿನಲ್ಲೇ ಒಂದು ಪಾಠವಿದೆ. 'ಕತ್ತಿ' ನಮ್ಮ ನುಡಿಕುಟುಂಬದ ಆಸ್ತಿ. ಕನ್ನಡ, ತೆಲುಗು, ತಮಿಳು ಮೂರಕ್ಕೂ ಸೇರಿದ್ದು. 'ಚೂರಿ' ಸಂಸ್ಕೃತದ ಛುರಿಕೆಯಿಂದ ಬಂದದ್ದು. 'ಚಾಕು' ಪಾರಸಿಯಿಂದ ಬಂದದ್ದು. ಕೃಷ್ಣಾ ತುಂಗಭದ್ರೆಗಳ ನಡುವಣ ಗದ್ವಾಲಿನಲ್ಲಿ ಈ ಮೂರೂ ಪದಗಳು ಒಂದೇ ಅಂಗಡಿಯ ಕಟ್ಟೆಯ ಮೇಲೆ ಕೂಡುತ್ತವೆ. 1956ರವರೆಗೆ ಗದ್ವಾಲ್ ಮತ್ತು ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂದಾಗ ಈ ಎರಡು ತಾಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಗಡಿಯ ಗೆರೆ ಜಿಲ್ಲೆಯನ್ನು ಕೊಯ್ದಿತು. ಅಂಗಡಿಯ ಮಾತನ್ನು ಕೊಯ್ಯಲಾಗಲಿಲ್ಲ. ಅಲ್ಲಿ ಇಂದಿಗೂ ಒಂದು ಭಾಷೆಯಲ್ಲಿ ಬೆಲೆ ಕೇಳಿ ಇನ್ನೊಂದರಲ್ಲಿ ಚೌಕಾಸಿ ಮಾಡುವವರಿದ್ದಾರೆ.

ಸಂಗ್ರಹದಲ್ಲಿ ನನಗೆ ಹೆಚ್ಚು ಸಂತೋಷ ಕೊಡುವುದು ಜೋಡಿಗಳು. ಒಂದೇ ಬಗೆಯ ಚಾಕು ಹೊಸದೂ ಹಳೆಯದೂ ದೊರೆತರೆ ಎರಡನ್ನೂ ಕೊಳ್ಳುತ್ತೇನೆ. ಹೊಸದು ಕಮ್ಮಾರನ ಉದ್ದೇಶವನ್ನು ಹೇಳುತ್ತದೆ. ಹಳೆಯದು ಬಳಸಿದವನ ಬದುಕನ್ನು ಹೇಳುತ್ತದೆ. ಅಲಗಿನ ಮೇಲೆ ಅಲಗಿಟ್ಟು ನೋಡಿದರೆ ಎಷ್ಟು ಉಕ್ಕು ಸಾಣೆಕಲ್ಲಿನ ಪಾಲಾಗಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ತುದಿ ಮಾತ್ರ ಸವೆದಿದ್ದರೆ ಒಂದು ಕಸುಬು, ನಡು ಸವೆದಿದ್ದರೆ ಇನ್ನೊಂದು. ಒಂದೇ ಮಗ್ಗುಲು ಹೆಚ್ಚು ತೆಳುವಾಗಿದ್ದರೆ ಯಾವ ಕೈಯವನು ಮಸೆದನೆಂದು ಊಹಿಸಬಹುದು.

ಬೇರೆ ದೇಶಗಳಲ್ಲಿಯೂ ಇಂಥ ಬಡ ಚಾಕುಗಳಿವೆ. ಫ್ರಾನ್ಸಿನ ಸವಾಯ್ ಪ್ರಾಂತದಲ್ಲಿ 1890ರಲ್ಲಿ ಹುಟ್ಟಿದ ಒಪಿನೆಲ್ ಚಾಕುವಿಗೆ ಮರದ ಒಂದು ಹಿಡಿ, ಒಂದು ಅಲಗು, ಒಂದು ಕೀಲು. ಅಲಗು ತಾನಾಗಿ ಮಡಚದಂತೆ ತಡೆಯುವ ತಿರುಗುಬಳೆ ಬಂದದ್ದು 1955ರಲ್ಲಿ. ಜಪಾನಿನ ಮಿಕಿ ಪಟ್ಟಣದ ಹಿಗೊನೊಕಾಮಿಗೆ ಮಡಿಸಿದ ತಗಡೇ ಹಿಡಿ. ಒಂದು ಕಾಲಕ್ಕೆ ಶಾಲೆಯ ಮಕ್ಕಳು ಪೆನ್ಸಿಲ್ ಹೆರೆಯುತ್ತಿದ್ದುದು ಅದರಿಂದಲೇ. ಎರಡೂ ರೈತರ, ಕೂಲಿಕಾರರ, ಮಕ್ಕಳ ಕೈಯಲ್ಲಿ ಬೆಳೆದವು. ಅವುಗಳ ಚರಿತ್ರೆಯನ್ನು ಅಲ್ಲಿನವರು ಬರೆದಿಟ್ಟಿದ್ದಾರೆ. ನಮ್ಮ ಊರಿನ ಕಮ್ಮಾರ ಮಾಡಿದ ಚಾಕುವಿಗೆ ಸವೆತವೊಂದೇ ಚರಿತ್ರೆ. ಈ ಮಾತನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಕಳೆದುಕೊಂಡು.

ಸಂಗ್ರಹದ ಮೊದಲ ಚಾಕು ನನ್ನ ತಾತನದು. ಎಮ್ಮೆಕೊಂಬಿನ ಹಿಡಿ, ಹಿತ್ತಾಳೆಯ ಕೀಲು. ಬೆರಳಗಲವಿದ್ದ ಅಲಗು ನಾನು ಕಾಣುವ ಹೊತ್ತಿಗೆ ಜೋಳದ ಗರಿಯಷ್ಟು ಸಣ್ಣದಾಗಿತ್ತು; ನಡುವೆ ಬಾಗಿ, ಎಳೆಯ ಚಂದ್ರನಂತೆ ಒಳಸರಿದಿತ್ತು. ಹೊಲದಲ್ಲಿ ಬುತ್ತಿ ಬಿಚ್ಚಿದಾಗ ಈರುಳ್ಳಿ ಹೆಚ್ಚುವುದಕ್ಕೆ, ಎತ್ತಿನ ಹಗ್ಗದ ಗಂಟು ಕೊಯ್ಯುವುದಕ್ಕೆ, ಮೊಮ್ಮಕ್ಕಳಿಗೆ ಕಬ್ಬು ಸುಲಿಯುವುದಕ್ಕೆ ಅದೊಂದೇ. ಸಂಜೆ ಹೊಸ್ತಿಲ ಬಳಿಯ ಕಲ್ಲಿಗೆ ನೀರು ಚಿಮುಕಿಸಿ ನಾಲ್ಕು ಸಲ ಮಸೆದರೆ ಮುಗಿಯಿತು. ಆಯುಧಪೂಜೆಯ ದಿನ ಕುಡುಗೋಲು ಕೊಡಲಿಗಳ ಸಾಲಿನಲ್ಲಿ ಅದಕ್ಕೂ ಕುಂಕುಮ ಸಲ್ಲುತ್ತಿತ್ತು. ಕಬ್ಬಿಗಾಗಿ ನಾನು ಚಾಕು ಕೇಳಿದಾಗ ತಾತ ಅಲಗನ್ನು ತನ್ನ ಬೆರಳುಗಳೊಳಗೆ ಹಿಡಿದು, ಹಿಡಿಯನ್ನು ನನ್ನತ್ತ ಚಾಚಿ ಹೇಳುತ್ತಿದ್ದ: "ತಮ್ಮಾ, ಕೊಡಾಗ ಹಿಡಿ ಅವರ ಕಡಿ ಇರಲಿ, ಅಲಗು ನಿನ್ನ ಕಡಿ ಇರಲಿ."

ಆ ಅಲಗಿನ ಬುಡದಲ್ಲಿ ಒಂದು ಮುದ್ರೆಯಿತ್ತು. ಇಂಗ್ಲಿಷಿನ ಕೆಲವು ಅಕ್ಷರಗಳು. ಹೆಚ್ಚಿನವು ಅಳಿಸಿದ್ದವು, ಮೂರು ಉಳಿದಿದ್ದವು. ತಾತನಿಗೆ ಆ ಅಕ್ಷರಗಳು ಬರುತ್ತಿರಲಿಲ್ಲ. ನನಗೆ ಬರುತ್ತಿದ್ದವು, ಆದರೆ ನಾನು ಓದಿ ಬರೆದಿಟ್ಟುಕೊಳ್ಳಲಿಲ್ಲ. ಎದುರಿಗೇ ಇರುವುದನ್ನು ಬರೆದಿಡಬೇಕೆಂದು ಯಾರಿಗೆ ತೋರುತ್ತದೆ?

ತಾತ ತೀರಿಕೊಂಡ ಮೇಲೆ ಚಾಕು ನನ್ನ ಪಾಲಿಗೆ ಬಂತು. ಆಗ ನನಗೆ ಕೆಲಸ ಸಿಕ್ಕಿದ ಹೊಸತು. ತಾತನ ನೆನಪನ್ನು ಚೆನ್ನಾಗಿ ಉಳಿಸಬೇಕೆಂಬ ಹುಮ್ಮಸ್ಸಿನಿಂದ, ವಿದ್ಯುತ್ ಸಾಣೆಯ ಚಕ್ರವಿದ್ದ ಒಬ್ಬನ ಬಳಿಗೆ ಅದನ್ನು ಒಯ್ದೆ. "ಹೊಸದರಂತೆ ಮಾಡಿಕೊಡು" ಎಂದೆ. ಅವನು ಹೇಳಿದಷ್ಟೇ ಮಾಡಿದ. ಐದು ನಿಮಿಷದಲ್ಲಿ ತುಕ್ಕು ಹೋಯಿತು, ಬಾಗು ನೇರವಾಯಿತು, ಅಲಗು ಕನ್ನಡಿಯಂತೆ ಹೊಳೆಯಿತು. ಮುದ್ರೆಯಿದ್ದ ಜಾಗವೂ ಹೊಳೆಯಿತು. ಅಂಚಿನ ಉದ್ದಕ್ಕೂ ನೀಲಿಯ ಒಂದು ಛಾಯೆ ಹಬ್ಬಿತ್ತು, ಚೆಂದವೆಂದೇ ಭಾವಿಸಿದೆ. ಮುಂದೆ ಒಬ್ಬ ಹಿರಿಯ ಕಮ್ಮಾರರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದಕ್ಕ ಮಿಷನ್ ಹಚ್ಚೀರಿ. ಹದ ಹೋಗ್ಯಾದ ಸರ್" ಎಂದರು. ಉಕ್ಕು ನೀಲಿಗಟ್ಟುವುದು ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ. ಅಷ್ಟು ಬಿಸಿಯಾದರೆ ತೆಳು ಅಲಗಿನ ಗಡಸು ಇಳಿಯುತ್ತದೆ. ಈಗ ಆ ಚಾಕು ನೋಡಲು ಹೊಸದು, ಈರುಳ್ಳಿಗೂ ಹರಿತವಲ್ಲ. ತಾತ ದಶಕಗಳ ಕಾಲ ಮಸೆದದ್ದು ಸವೆತ. ನಾನು ಐದು ನಿಮಿಷದಲ್ಲಿ ಮಾಡಿಸಿದ್ದು ನಾಶ. ಎರಡರಲ್ಲೂ ಉಕ್ಕು ಹೋಯಿತು. ಒಂದರಲ್ಲಿ ಗುರುತು ಉಳಿಯಿತು, ಇನ್ನೊಂದರಲ್ಲಿ ಗುರುತೇ ಹೋಯಿತು.

ಗ್ರಂಥಸಂಪಾದನೆಯ ಪಾಠ ಹೇಳುವಾಗಲೆಲ್ಲ ನನಗೆ ಈ ಚಾಕು ನೆನಪಾಗುತ್ತದೆ. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ನೀವು ಪರೀಕ್ಷೆಗಾಗಿ ಓದುತ್ತೀರಿ. ಪಾಠಾಂತರ, ಪ್ರಕ್ಷೇಪ, ಲಿಪಿಕಾರನ ಸ್ಖಾಲಿತ್ಯ ಎಂದು ಪಟ್ಟಿ ಮಾಡುತ್ತೀರಿ. ತಿಳಿಯದೆ ತಪ್ಪು ಬರೆದ ಲಿಪಿಕಾರನ ತಪ್ಪನ್ನು ಹೇಗೋ ಕಂಡುಹಿಡಿಯಬಹುದು. ಕವಿಯನ್ನು ಉದ್ಧರಿಸುವ ಪ್ರೀತಿಯಿಂದ ಕಠಿಣವಾದುದನ್ನು ಸುಲಭ ಮಾಡಿದವನ ತಿದ್ದುಪಡಿ ಕಾಣುವುದೇ ಇಲ್ಲ, ಅದು ಹೊಳೆಯುತ್ತಿರುತ್ತದೆ.

ಚಾಕುವಿಗೆ ಹತ್ತಿರದ ಒಂದು ಉದಾಹರಣೆಯನ್ನೇ ಕೊಡುತ್ತೇನೆ. ಹಳಗನ್ನಡದಲ್ಲಿ ಖಡ್ಗಕ್ಕೆ 'ಬಾಳ್', ಜೀವಿಸು ಎನ್ನುವುದಕ್ಕೆ 'ಬಾೞ್'. ಮೊದಲನೆಯದರಲ್ಲಿ ಕುಳ, ಎರಡನೆಯದರಲ್ಲಿ ರಳ. ತಮಿಳು ಈ ಭೇದವನ್ನು ಬರಹದಲ್ಲಿ ಇಂದಿಗೂ ಉಳಿಸಿಕೊಂಡಿದೆ. ಕನ್ನಡಿಗರ ಬಾಯಲ್ಲಿ ರಳ ಮೆಲ್ಲಗೆ ಸವೆಯಿತು. 13ನೆಯ ಶತಮಾನದ ಕೇಶಿರಾಜ ರಳವಿರುವ ಪದಗಳನ್ನು ಹೆಕ್ಕಿ ಪಟ್ಟಿ ಮಾಡಿದ್ದಾನೆಂದರೆ, ಆ ಭೇದವನ್ನು ಕಲಿಸಬೇಕಾದ ಕಾಲ ಆಗಲೇ ಬಂದಿತ್ತೆಂದು ತಿಳಿಯಬೇಕು. ಬಾಯಿಯ ಸವೆತ ತಾತನ ಸಾಣೆಕಲ್ಲಿನಂಥದು, ಅದಕ್ಕೆ ದುಃಖಿಸಬೇಕಿಲ್ಲ. ಆದರೆ ಓಲೆಯಲ್ಲಿ 'ಬಾೞ್' ಎಂದಿರುವಲ್ಲಿ ಓದುಗರಿಗೆ ಸುಲಭವಾಗಲೆಂದು 'ಬಾಳ್' ಎಂದು ಅಚ್ಚು ಹಾಕಿ ಸುಮ್ಮನಾದರೆ ಅದು ನಾನು ಮಾಡಿಸಿದ ಚಕ್ರದ ಕೆಲಸ. ಕಾಲ ಉಳಿಸಿಕೊಟ್ಟ ಗುರುತನ್ನು ನಾವೇ ಅಳಿಸಿದಂತಾಗುತ್ತದೆ.

ಆಮೇಲೆ ನಾನು ಯಾವ ಚಾಕುವನ್ನೂ ಹೊಸದು ಮಾಡಿಸಿಲ್ಲ. ಒಣಬಟ್ಟೆಯಿಂದ ಒರೆಸಿ, ಕೀಲಿಗೆ ಒಂದು ತೊಟ್ಟು ಎಣ್ಣೆ ಬಿಟ್ಟು, ಇದ್ದಂತೆಯೇ ಇಡುತ್ತೇನೆ. ಅದಕ್ಕಿಂತ ಮೊದಲು ಪುಸ್ತಕದಲ್ಲಿ ಬರೆಯುತ್ತೇನೆ: ಎಲ್ಲಿ ಕೊಂಡದ್ದು, ಎಷ್ಟು ಕೊಟ್ಟದ್ದು, ಮಾರಿದವರು ಅದನ್ನು ಏನೆಂದು ಕರೆದರು, ಏನನ್ನು ಕೊಯ್ಯುತ್ತಿದ್ದರು, ಅಲಗು ಎಲ್ಲೆಲ್ಲಿ ಸವೆದಿದೆ. ಒಂದು ಚಾಕುವಿಗೆ ಅರ್ಧ ಪುಟ. ನಿಮ್ಮ ಮನೆಗಳಲ್ಲಿಯೂ ಈಳಿಗೆ, ಅಡಕತ್ತರಿ, ಕುಡುಗೋಲುಗಳಿವೆ. ಅವನ್ನು ಹೆಸರಿಡಿದು ಕರೆಯುವ ಹಿರಿಯರು ಇನ್ನೂ ಇದ್ದಾರೆ. ರಜೆಗೆ ಹೋದಾಗ ಅರ್ಧ ಪುಟ ಬರೆದುಕೊಳ್ಳುವುದು ಕಷ್ಟವಲ್ಲ.

ನನ್ನ ಪುಸ್ತಕದ ಮೊದಲ ಪುಟ ತಾತನ ಚಾಕುವಿನದು. ಮುದ್ರೆಯ ಆ ಮೂರು ಅಕ್ಷರಗಳನ್ನು ಬರೆಯಲು ಎಷ್ಟೋ ಸಲ ಕುಳಿತಿದ್ದೇನೆ. ಆ ಕಾಲದಲ್ಲಿ ಇಂಗ್ಲೆಂಡಿನ ಷೆಫೀಲ್ಡ್ ನಗರದ ಚಾಕುಗಳು ಭಾರತದ ಪೇಟೆಗಳಿಗೆ ಬರುತ್ತಿದ್ದವು. ಆ ಹೆಸರನ್ನು ತುಂಬಿಬಿಟ್ಟರೆ ಪುಟ ಪೂರ್ಣವಾಗುತ್ತದೆ, ತಾತನ ಚಾಕುವಿಗೆ ಘನತೆಯೂ ಬರುತ್ತದೆ. ಆದರೆ ನನ್ನ ನೆನಪು ಅಷ್ಟಕ್ಕೆ ಸಾಕ್ಷಿ ಹೇಳುವುದಿಲ್ಲ. ಶಾಸನದ ಕಲ್ಲು ಒಡೆದ ಕಡೆ ಸಂಪಾದಕರು ಮಾಡುವುದನ್ನೇ ಮಾಡಿದ್ದೇನೆ. 'ಮುದ್ರೆ' ಎಂದು ಬರೆದು ಮುಂದೆ ಮೂರು ಚುಕ್ಕೆಗಳನ್ನು ಇಟ್ಟಿದ್ದೇನೆ.