ನೀನಾಳ ಸುಳ್ಳು, ಎಂಟು ಫೆನಿಗ್ ಅಂಚೆ

ಪ್ರೀತಿಸಿದವನನ್ನು ಉಳಿಸಲು ಸುಳ್ಳು ಹೇಳಿ ತಾನು ವಿಷ ಕುಡಿಯುವ ನಾಯಕಿಯರ ಬಗ್ಗೆ ನನಗೆ ಅಂಥ ಮರುಕವೇನಿಲ್ಲ. ನಮ್ಮ ಊರಿನ ಟೆಂಟ್ ಸಿನಿಮಾದಲ್ಲಿ ಚಿಕ್ಕಂದಿನಲ್ಲೇ ಸಾಕಷ್ಟು ಅತ್ತು ಆ ಲೆಕ್ಕ ಚುಕ್ತಾ ಮಾಡಿದವನು ನಾನು. ಆದರೆ ‘ನೀನಾ ಪೆಟ್ರೋವ್ನಾಳ ಅದ್ಭುತ ಸುಳ್ಳು’ ಎಂಬ ಜರ್ಮನ್ ಮೂಕಿ ಚಿತ್ರದ ಮುಂದೆ ಮಾತ್ರ ನನ್ನ ಬಿಗುಮಾನ ನಡೆಯುವುದಿಲ್ಲ. ಸಾಯುವವಳು ಅಲ್ಲಿ ಒಂದು ಮಾತೂ ಆಡುವುದಿಲ್ಲವಲ್ಲ, ಅದಕ್ಕಿರಬೇಕು. ಡೈಲಾಗ್ ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಉಫಾ ಕಂಪನಿಯವರ ಈ ಚಿತ್ರ ತೆರೆ ಕಂಡದ್ದು 1929ರ ಏಪ್ರಿಲ್‌ನಲ್ಲಿ. ನಿರ್ದೇಶಕ ಹಾನ್ಸ್ ಶ್ವಾರ್ಟ್ಸ್, ನಿರ್ಮಾಪಕ ಎರಿಕ್ ಪೊಮ್ಮರ್. ಕಥೆ ನಡೆಯುವುದು ಝಾರ್ ಕಾಲದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ಕರ್ನಲ್ ಸಾಹೇಬ ಇಟ್ಟುಕೊಂಡ ಹೆಂಗಸು ನೀನಾ ಬಾಲ್ಕನಿಯಲ್ಲಿ ನಿಂತಿದ್ದಾಳೆ. ಕೆಳಗೆ ಕುದುರೆ ದಂಡು ಸಾಗುತ್ತಿದೆ. ಅದರಲ್ಲೊಬ್ಬ ಮೀಸೆ ಸರಿಯಾಗಿ ಚಿಗುರದ ಹುಡುಗ. ಇವಳು ಒಂದು ಗುಲಾಬಿ ಎಸೆಯುತ್ತಾಳೆ. ಅಲ್ಲಿಂದ ಮುಂದಿನದು ಊಹಿಸಲು ಕಷ್ಟವಿಲ್ಲ. ಬಂಗಲೆ, ಒಡವೆ ಎಲ್ಲ ಬಿಟ್ಟು ಹುಡುಗನ ಜೊತೆ ಬಾಡಿಗೆ ಮನೆ ಸೇರುತ್ತಾಳೆ. ದುಡ್ಡಿಗೆ ಪರದಾಟ. ಹುಡುಗ ಇಸ್ಪೀಟಿಗೆ ಕೂರುತ್ತಾನೆ, ಅದೂ ಕರ್ನಲನ ಎದುರಿಗೇ, ಮೋಸ ಮಾಡಿ ಸಿಕ್ಕಿಬೀಳುತ್ತಾನೆ. ಕರ್ನಲ್ ತಪ್ಪೊಪ್ಪಿಗೆ ಬರೆಸಿಕೊಂಡು ಜೇಬಿಗೆ ಹಾಕಿಕೊಳ್ಳುತ್ತಾನೆ. ಹುಡುಗನ ಮಾನ ಉಳಿಸಲು ನೀನಾ ‘ನನಗೆ ಈ ಬಡತನ ಸಾಕಾಯಿತು, ನಾನು ವಾಪಸ್ ಹೋಗುತ್ತೇನೆ’ ಎಂದು ಅವನಿಗೆ ಹೇಳಿ ಹೊರಡುತ್ತಾಳೆ. ಅದೇ ಆ ಅದ್ಭುತ ಸುಳ್ಳು. ಆ ಪೆದ್ದ ನಂಬುತ್ತಾನೆ. ಇಷ್ಟು ಹೊತ್ತು ಸಿನಿಮಾ ನೋಡಿದ ನಾವು ಯಾರೂ ನಂಬಿರುವುದಿಲ್ಲ.

ನೀನಾ ಆದವಳು ಬ್ರಿಗಿಟ್ಟೆ ಹೆಲ್ಮ್. ‘ಮೆಟ್ರೊಪೊಲಿಸ್’ ಚಿತ್ರದಲ್ಲಿ ಲೋಹದ ಯಂತ್ರಮಾನವಿಯಾಗಿ ಜಗತ್ತನ್ನೇ ಬೆಚ್ಚಿಬೀಳಿಸಿದ್ದವಳು. ಅವಳ ಕಣ್ಣಿನಲ್ಲಿ ಮನೆಗೆಲಸದ ಆಯಾಸ ಕಾಣಿಸುವಂತೆ ಮಾಡಿದರಲ್ಲ, ಅದು ಶ್ವಾರ್ಟ್ಸ್‌ನ ಕೈಚಳಕವೋ ಕ್ಯಾಮೆರಾದ ಕಾರ್ಲ್ ಹಾಫ್‌ಮನ್‌ನದೋ, ಜಗಳ ಹಚ್ಚುವುದು ಬೇಡ.

ಆ ಏಪ್ರಿಲ್ ತಿಂಗಳೇ ವಿಚಿತ್ರದ್ದು. ಬರ್ಲಿನ್ನಿನಲ್ಲಿ ‘ಬ್ಯಾಬಿಲಾನ್’ ಎಂಬ ಹೊಸ ಚಿತ್ರಮಂದಿರ ಆಗಲೇ ಬಾಗಿಲು ತೆರೆಯಿತು, ಮೂಕಿ ಚಿತ್ರಕ್ಕೆ ಸಂಗೀತ ನುಡಿಸಲೆಂದೇ ದೊಡ್ಡ ಆರ್ಗನ್ ಕೂಡಿಸಿಕೊಂಡು. ಜೂನ್‌ನಲ್ಲಿ ಅಮೆರಿಕದಿಂದ ಆಲ್ ಜಾಲ್ಸನ್ನನ ಹಾಡುವ ಚಿತ್ರ ಬಂದಿಳಿಯಿತು. ಆರ್ಗನ್ನಿನ ವಾರ್ನಿಶ್ ವಾಸನೆಯೂ ಆರಿರಲಿಕ್ಕಿಲ್ಲ. ಪಾಪ, ಅದು ಇವತ್ತಿಗೂ ಅಲ್ಲೇ ಇದೆ, ನುಡಿಯುತ್ತಲೂ ಇದೆ.

ಸಿನಿಮಾ ನೋಡಿ ಬಂದವರಿಗೆ ಆಗ ಮನೆಗೆ ಒಯ್ಯಲು ಏನಿತ್ತು? ವೀಡಿಯೊ ಇಲ್ಲ, ಹಾಡಿನ ಪುಸ್ತಕ ಇಡೋಣವೆಂದರೆ ಚಿತ್ರಕ್ಕೆ ಬಾಯೇ ಇಲ್ಲ. ಇದ್ದದ್ದು ಪೋಸ್ಟ್‌ಕಾರ್ಡ್. ಬರ್ಲಿನ್ನಿನ ಹೈನ್ರಿಕ್ ರಾಸ್ ಎಂಬ ಪ್ರಕಾಶಕರು ತಾರೆಯರ ಕಾರ್ಡುಗಳನ್ನು ರಾಶಿ ರಾಶಿ ಹೊರತಂದರು. ಇವು ಅಚ್ಚಿನ ಚಿತ್ರಗಳಲ್ಲ, ಬ್ರೋಮೈಡ್ ಕಾಗದದ ಮೇಲೆ ತೆಗೆದ ನಿಜವಾದ ಫೋಟೋಗಳು. ಜನಪ್ರಿಯ ಚಿತ್ರಗಳಿಗೆ ಒಂದೊಂದು ಸರಣಿ. ಒಂದು ನಂಬರು, ಓರೆಗೆರೆ, ಮತ್ತೊಂದು ನಂಬರು. ಒಂದು ಕೊಂಡವನಿಗೆ ಮಿಕ್ಕವೂ ಬೇಕಾಗುವಂಥ ಏರ್ಪಾಡು. ರಾಸ್ ವ್ಯಾಪಾರಿ, ಜನರ ಮನಸ್ಸು ಬಲ್ಲವರು.

ನನ್ನ ಹತ್ತಿರ ಇರುವ ನೀನಾ ಕಾರ್ಡು ಕಂದು ಬಣ್ಣಕ್ಕೆ ತಿರುಗಿದೆ. ಹುಡುಗನ ಪಾತ್ರದ ಫ್ರಾಂಜ್ ಲೆಡರರ್ ಸಮವಸ್ತ್ರದಲ್ಲಿ ನೆಟ್ಟಗೆ ಕೂತಿದ್ದಾನೆ, ಹೆಲ್ಮ್ ಅವನ ಭುಜಕ್ಕೆ ಒರಗಿದ್ದಾಳೆ. ಅವನು ಅವಳನ್ನು ನೋಡುತ್ತಿದ್ದಾನೆ; ಅವಳು ಚೌಕಟ್ಟಿನ ಆಚೆ ಯಾವುದನ್ನೋ. ಬೆಳಕಿಗೆ ವಾಲಿಸಿ ಹಿಡಿದರೆ ಅಂಚಿನ ಕಪ್ಪು ಭಾಗದಲ್ಲೆಲ್ಲ ಬೆಳ್ಳಿ ಮೇಲೆದ್ದು ನೀಲಿಯಾಗಿ ಮಿನುಗುತ್ತದೆ, ನೆಟ್ಟಗೆ ಹಿಡಿದರೆ ಮಾಯ. ಈ ಫೋಟೋದಲ್ಲಿ ಬಾಡಿಗೆ ಬಾಕಿ ಇಲ್ಲ, ಇಸ್ಪೀಟಿಲ್ಲ, ಕರ್ನಲ್ ಇಲ್ಲ. ಕಥೆ ಕೆಡುವ ಮೊದಲೇ ಕ್ಯಾಮೆರಾ ಕಣ್ಣು ಮುಚ್ಚಿಕೊಂಡಿದೆ. ನೀನಾ ಹೇಳಿದ್ದು ಒಂದು ಸುಳ್ಳು. ರಾಸ್ ಅವರು ಅದಕ್ಕಿಂತ ಚೆಂದದ್ದನ್ನು ಕಟ್ಟುಗಟ್ಟಲೆ ಮಾರಿದರು. ನನಗೇನೂ ದೂರಿಲ್ಲ. ದುಃಖಾಂತವನ್ನು ಗೋಡೆಗೆ ಸಿಕ್ಕಿಸಿಕೊಳ್ಳುವವರು ಯಾರು?

ಕಾರ್ಡು ಸಿಕ್ಕಿದ್ದು ಬರ್ಲಿನ್ನಿನಲ್ಲಿ, ‘ಜೂನ್ 17ರ ರಸ್ತೆ’ ಬದಿಯ ವಾರದ ಕೊನೆಯ ಹಳೇ ಸಾಮಾನಿನ ಸಂತೆಯಲ್ಲಿ. ಅಂಗಡಿಯವನು ಅದನ್ನು ತಿರುವಿ ನೋಡಿ ಮುಖ ಸಿಂಡರಿಸಿದ. “ಹಿಂದೆ ಬರೆದುಬಿಟ್ಟಿದ್ದಾರೆ, ಸಾರ್. ಅದಕ್ಕೇ ಅಗ್ಗ.” ಸಂಗ್ರಾಹಕರಿಗೆ ಬೆನ್ನು ಖಾಲಿ ಇರಬೇಕಂತೆ. ನನಗೆ ಬೆನ್ನೇ ಬೇಕಾಗಿತ್ತು. ಅಲ್ಲಿ ಎಂಟು ಫೆನಿಗ್ ಬೆಲೆಯ ಹಸಿರು ಅಂಚೆಚೀಟಿ, ಅದರ ಮೇಲೆ ಬೀಥೋವನ್ ಗಂಟುಮುಖ ಹಾಕಿಕೊಂಡು ಕೂತಿದ್ದ. ಒಂದು ಪಕ್ಕ ಮೂಕಿ, ಇನ್ನೊಂದು ಪಕ್ಕ ಕಿವುಡ. ಇಷ್ಟು ಹೊಂದಾಣಿಕೆ ಎಷ್ಟೋ ಸಂಸಾರಗಳಲ್ಲಿ ಇರುವುದಿಲ್ಲ.

ಬರಹ ಮಾತ್ರ ಒಂದಕ್ಷರ ಹತ್ತಲಿಲ್ಲ. ಹಳೆಯ ಜ್ಯೂಟರ್ಲಿನ್ ಕೈಬರಹ, ಬರೀ ಮೇಲೆ ಕೆಳಗೆ ಹೋಗುವ ಮೊನೆಗಳು. ಅಂಗಡಿಯವನಿಗೂ ಬರುತ್ತಿರಲಿಲ್ಲ. ಈ ಬರವಣಿಗೆಯನ್ನು 1941ರಲ್ಲಿ ನಾಜಿ ಸರ್ಕಾರವೇ ಕೈಬಿಡಿಸಿದ್ದರಿಂದ ಈಗಿನವರಿಗೆ ತಮ್ಮ ಅಜ್ಜಿಯ ಕಾಗದ ಓದಲು ಬೇರೆ ಅಜ್ಜಿ ಬೇಕು. ಬರ್ಲಿನ್ನಿನ ನಮ್ಮ ಕೆಳಮನೆಯಲ್ಲಿ ಅಂಥವರೊಬ್ಬರಿದ್ದರು, ತೊಂಬತ್ತು ದಾಟಿದವರು, 1941ರ ಒಳಗೇ ಶಾಲೆಯಲ್ಲಿ ಅದನ್ನು ಕಲಿತು ಮುಗಿಸಿದವರು. ಭೂತಗನ್ನಡಿ ಹಿಡಿದು ಓದಿದರು:

“ನಾವೆಲ್ಲ ಕ್ಷೇಮ. ನನ್ನ ಮಂಡಿ ನೋವು ಹಾಗೇ ಇದೆ. ಇವರಿಗೆ ಕೆಮ್ಮು. ಕೆಲಸದ ವಿಷಯ ಮುಖತಃ ಹೇಳುವೆ. ಜಾಮ್ ತಲುಪಿತು, ಸೀಸೆ ಒಂದು ಒಡೆದಿತ್ತು. ಈ ಸಿನಿಮಾ ನಾವು ನೋಡಿಲ್ಲ.”

“ಇಷ್ಟೇನಾ?” ಎಂದೆ.

“ಇನ್ನೇನು ಬೇಕಿತ್ತು ನಿಮಗೆ? ಎಂಟು ಫೆನಿಗ್ಗಿಗೆ ಇದೇ ಜಾಸ್ತಿ.”

ನಮ್ಮಲ್ಲೂ ‘ಇತ್ತ ನಾವೆಲ್ಲ ಕ್ಷೇಮ’ ಎಂದು ಶುರುವಾದ ಕಾರ್ಡು ಎರಡನೇ ಸಾಲಿಗೆ ಆಸ್ಪತ್ರೆ ಸೇರುತ್ತಿತ್ತು. ಸೀಸೆ ಒಡೆದ ಆ ಮನೆ 1929ರ ನಂತರ ಏನಾಯಿತೋ. ಹೆಲ್ಮ್‌ಳ ಮುಖಕ್ಕಿಂತ ಆ ‘ಕೆಲಸದ ವಿಷಯ’ವೇ ನನ್ನನ್ನು ಹೆಚ್ಚು ಕಾಡಿತು.

ಇಲ್ಲೊಂದು ಅಡ್ಡಮಾತು. ಹೆಚ್ಚುಕಡಿಮೆ ಅದೇ ಹೊತ್ತಿಗೆ, ಜರ್ಮನಿಯಲ್ಲಿ ಸಿನಿಮಾ ಕಲಿತು ಬಂದ ಮೋಹನ್ ಭವ್ನಾನಿ ನಮ್ಮ ಮೈಸೂರು ಸೀಮೆಯಲ್ಲಿ ‘ವಸಂತಸೇನಾ’ ಎಂಬ ಮೂಕಿ ತೆಗೆಯುತ್ತಿದ್ದರು. ಎನಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯ, ಜೊತೆಗೆ ನಮ್ಮ ಕೈಲಾಸಂ! ಮಾತಿನ ಮಲ್ಲ ಕೈಲಾಸಂ ಅವರನ್ನು ಮೂಕಿಯಲ್ಲಿ ಕೂರಿಸಿದವರ ಧೈರ್ಯ ಮೆಚ್ಚಬೇಕು. ಕಥೆ ಅದೇ: ವೈಭವದ ಗಣಿಕೆ, ಬಡ ಪ್ರಿಯಕರ, ಕಾಡುವ ದೊಡ್ಡಮನುಷ್ಯ. ಆದರೆ ಮೂಲ ನಾಟಕ ಬರೆದ ನಮ್ಮ ಶೂದ್ರಕ ಕರುಣಾಳು, ಕತ್ತು ಹಿಸುಕಿಸಿದ ಮೇಲೂ ವಸಂತಸೇನೆಯನ್ನು ಎಬ್ಬಿಸಿ ಕೂರಿಸಿದ. ಜರ್ಮನ್ನರು ವಿಷದ ವಿಷಯದಲ್ಲಿ ಬಹಳ ಕಟ್ಟುನಿಟ್ಟು.

ಕಾರ್ಡಿನ ಜನ ಆಮೇಲೆ ಚೆಲ್ಲಾಪಿಲ್ಲಿಯಾದರು. ಪೊಮ್ಮರ್, ಶ್ವಾರ್ಟ್ಸ್ ಇಬ್ಬರೂ ಯಹೂದಿಗಳು. ಹಿಟ್ಲರ್ ಬಂದ ಮೇಲೆ ದೇಶ ಬಿಟ್ಟರು. ರಾಸ್ ಕೂಡ ಯಹೂದಿ. 1937ರಲ್ಲಿ ಅವರ ಕಂಪನಿಯನ್ನು ಕಿತ್ತುಕೊಂಡರು. ಕೊನೆಗೆ ಅವರು ಅಮೆರಿಕ ಸೇರಿ 1957ರಲ್ಲಿ ಷಿಕಾಗೋದಲ್ಲಿ ತೀರಿಕೊಂಡರು. ಮಾಲೀಕ ಬೇಡ, ಹೆಸರು ಬೇಕು: ‘ರಾಸ್’ ಎಂಬ ಮುದ್ರೆ ಹೊತ್ತ ಕಾರ್ಡುಗಳು ಆಮೇಲೂ ಕೆಲವು ವರ್ಷ ಮಾರಾಟವಾದವು. ಆ ಕಾಲದ ಕಾರ್ಡು ಕೈಗೆ ಸಿಕ್ಕರೆ ನಾನು ಎಷ್ಟೇ ಅಗ್ಗವಿದ್ದರೂ ವಾಪಸ್ ಡಬ್ಬಿಗೆ ಹಾಕುತ್ತೇನೆ. ಹೆಲ್ಮ್ ಮೂವತ್ತು ಮುಟ್ಟುವ ಹೊತ್ತಿಗೆ ಸಿನಿಮಾ ಬಿಟ್ಟಳು, ಮದುವೆಯಾಗಿ ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದಳು. ಹಳೆಯದನ್ನು ಕೆದಕಲು ಬಂದ ಪತ್ರಕರ್ತರಿಗೆ ಬಾಯಿ ಬಿಡಲಿಲ್ಲ. 1996ರಲ್ಲಿ ಸಾಯುವವರೆಗೂ ಮೂಕಿಯಾಗಿಯೇ ಉಳಿದಳೆನ್ನಿ.

ಲೆಡರರ್‌ನದೇ ಮಜಾ. ಹಾಲಿವುಡ್‌ಗೆ ಹೋಗಿ ಫ್ರಾನ್ಸಿಸ್ ಆದ, ಜಮೀನು ಕೊಂಡ, ಮುಪ್ಪಿನಲ್ಲಿ ನಟನೆ ಕಲಿಸುತ್ತಾ ನೂರು ವರ್ಷ ಬದುಕಿದ. 1958ರಲ್ಲಿ ‘ದಿ ರಿಟರ್ನ್ ಆಫ್ ಡ್ರಾಕುಲಾ’ ಚಿತ್ರದಲ್ಲಿ ಸಾಕ್ಷಾತ್ ಡ್ರಾಕುಲಾ ಆಗಿ ನಿಂತ. ಗುಲಾಬಿ ಎಸೆಸಿಕೊಂಡ ಈ ಹಸುಗೂಸು ರಕ್ತ ಹೀರುವವನಾದನಲ್ಲ ಎಂದು ಕೆಳಮನೆಯ ಅಜ್ಜಿಗೆ ಕಾರ್ಡು ತೋರಿಸಿ ಪೇಚಾಡಿಕೊಂಡೆ. ನೀನಾಳ ಕಥೆ ಪೂರ್ತಿ ಹೇಳಿಸಿಕೊಂಡ ಅವರು ಭೂತಗನ್ನಡಿಯಲ್ಲಿ ಅವನ ಮುಖವನ್ನು ಒಮ್ಮೆ ಪರೀಕ್ಷೆ ಮಾಡಿದರು.

“ಅದರಲ್ಲೇನು ಆಶ್ಚರ್ಯ? ಆ ಹುಡುಗಿಯ ಮೇಲೆ ಅಭ್ಯಾಸ ಮಾಡಿಕೊಂಡೇ ಹೋಗಿದ್ದಾನೆ.”